‘ಪಥ್ಯ’ದ ಅರ್ಥಸಂಕೋಚ

ಪದಗಳ ಅರ್ಥ ಕಾಲಕ್ರಮದಲ್ಲಿ ಹಿಗ್ಗುವುದೂ ಉಂಟು, ಕುಗ್ಗುವುದೂ ಉಂಟು. ಎಳ್ಳಿನ ನೆಯ್ ಮಾತ್ರವಾಗಿದ್ದ ‘ಎಣ್ಣೆ’ ಇಂದು ಕಡಲೆಕಾಯಿ, ಕೊಬ್ಬರಿ, ಸೂರ್ಯಕಾಂತಿಗಳನ್ನೆಲ್ಲ ಒಳಗೊಂಡು ಅರ್ಥವಿಸ್ತಾರಕ್ಕೆ ನಿದರ್ಶನವಾಗಿದೆ. ಸಂಸ್ಕೃತದಲ್ಲಿ ಆಹಾರವೆಲ್ಲವನ್ನೂ ಸೂಚಿಸುತ್ತಿದ್ದ ‘ಅನ್ನ’ ಕನ್ನಡಕ್ಕೆ ಬಂದು ಬೆಂದ ಅಕ್ಕಿಗೆ ಸೀಮಿತವಾದದ್ದು ಅರ್ಥಸಂಕೋಚಕ್ಕೆ ನಿದರ್ಶನ. ತರಗತಿಯಲ್ಲಿ ಈ ಎರಡನ್ನೂ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಎರಡನೆಯ ಗುಂಪಿಗೆ ಇನ್ನೊಂದು ಪದವನ್ನೂ ಸೇರಿಸಬೇಕೆಂದು ಈಚೆಗೆ ಅನಿಸತೊಡಗಿದೆ: ಪಥ್ಯ.

ಇಂದು ಪಥ್ಯವೆಂದರೆ ಬಿಡುವುದು. ಅನ್ನ ಬಿಡುವುದು, ಸಕ್ಕರೆ ಬಿಡುವುದು, ರಾತ್ರಿಯೂಟ ಬಿಡುವುದು. ‘ಪಥ’ ಎಂಬ ಮೂಲದಿಂದ ಬಂದ ಈ ಪದಕ್ಕೆ ಹಿಂದೆ ಇಷ್ಟು ಕಿರಿದಾದ ಅರ್ಥವಿರಲಿಲ್ಲ. ದೇಹದ ಮಾರ್ಗಗಳಿಗೆ ಕೇಡು ಮಾಡದಿರುವುದು ಮತ್ತು ಮನಸ್ಸಿಗೆ ಪ್ರಿಯವಾಗಿರುವುದು, ಇವೆರಡೂ ಸೇರಿದರೆ ಪಥ್ಯ ಎಂಬ ಆಶಯದ ವಿವರಣೆ ಚರಕಸಂಹಿತೆಯಲ್ಲಿದೆ. ಮನಸ್ಸಿಗೆ ಪ್ರಿಯವಾಗಿರುವುದು ಎಂಬ ಎರಡನೆಯ ಅಂಗವನ್ನು ನಾವು ಸದ್ದಿಲ್ಲದೆ ಕೈಬಿಟ್ಟಿದ್ದೇವೆ. ‘ಡಯಟ್’ ಎಂಬ ಇಂಗ್ಲಿಷ್ ಪದದ ಗತಿಯೂ ಬೇರೆಯಲ್ಲ. ಅದರ ಮೂಲವಾದ ಗ್ರೀಕಿನ ‘ಡಯೇಟ’ ಎಂಬುದಕ್ಕೆ ಜೀವನಕ್ರಮ ಎಂದೇ ಅರ್ಥವಿತ್ತು. ಎರಡು ದೂರದ ಭಾಷೆಗಳಲ್ಲಿ ಒಂದೇ ಬಗೆಯ ಪದ ಒಂದೇ ರೀತಿಯಲ್ಲಿ ಕುಗ್ಗಿತೆಂದರೆ ಅದನ್ನು ಭಾಷೆಯ ಆಕಸ್ಮಿಕವೆಂದು ತಳ್ಳಿಹಾಕಲಾಗದು. ಬದುಕಿನ ಕುರಿತ ನಮ್ಮ ತಿಳಿವಳಿಕೆಯೇ ಕುಗ್ಗಿದೆ.

ಇದು ನಿಘಂಟಿನ ಮಾತಾಗಿ ಮುಗಿಯುವುದಿಲ್ಲ. ಬೆಳಗಿನ ಮೊದಲ ತರಗತಿಗೆ ತಿಂಡಿಯನ್ನೇ ತಿನ್ನದೆ ಬರುವ ವಿದ್ಯಾರ್ಥಿನಿಯರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಕೆಲವರಿಗೆ ಬಸ್ಸಿನ ಅವಸರ. ಕೆಲವರಿಗೆ ಮನೆಯಲ್ಲಿ ಅಷ್ಟು ಹೊತ್ತಿಗೆ ಅಡುಗೆಯೇ ಆಗಿರುವುದಿಲ್ಲ. ಇನ್ನು ಕೆಲವರು ತೂಕ ಇಳಿಸುವ ವ್ರತದಲ್ಲಿರುತ್ತಾರೆ. ಇಳಿಸಲು ಅವರಲ್ಲಿ ತೂಕವೇ ಇಲ್ಲವೆಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ, ಅವರ ಕೈಯಲ್ಲಿರುವ ಮೊಬೈಲಿಗೆ ಮಾತ್ರ ತಿಳಿಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥ ನಾಡಿನಲ್ಲಿ ಇಪ್ಪತ್ತರ ಹುಡುಗಿಗೆ ‘ಇನ್ನೂ ಕಡಿಮೆ ತಿನ್ನು’ ಎಂದು ಕಲಿಸುವ ಆರೋಗ್ಯಬೋಧೆಯನ್ನು ಆರೋಗ್ಯಬೋಧೆಯೆಂದು ಕರೆಯಲು ನನಗೆ ನಾಲಗೆ ಏಳದು.

ನಮ್ಮ ವೈದ್ಯಗ್ರಂಥಗಳಲ್ಲಿ ‘ವೇಗ’ಗಳನ್ನು ಕುರಿತ ಒಂದು ಪ್ರಕರಣವುಂಟು. ವೇಗವೆಂದರೆ ದೇಹ ಅಥವಾ ಮನಸ್ಸು ಮುಂದೊತ್ತಿ ಬರುವ ಪ್ರವೃತ್ತಿ. ಚರಕನು ಇವನ್ನು ತಡೆಯಬಾರದವು, ತಡೆಯಬೇಕಾದವು ಎಂದು ಎರಡಾಗಿ ವಿಂಗಡಿಸುತ್ತಾನೆ. ತಡೆಯಬಾರದ ಹದಿಮೂರರಲ್ಲಿ ಸೀನು, ಆಕಳಿಕೆ, ಮಲಮೂತ್ರಗಳ ಜೊತೆಗೆ ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರುಗಳೂ ಸೇರಿವೆ. ತಡೆಯಬೇಕಾದವು ಲೋಭ, ಕ್ರೋಧ, ಭಯ, ಮತ್ಸರ ಮುಂತಾದವು. ಕಣ್ಣೀರನ್ನು ತಡೆದರೆ ರೋಗ ಬರುತ್ತದೆ ಎನ್ನುವ ವೈದ್ಯಶಾಸ್ತ್ರ ಮನುಷ್ಯನನ್ನು ಬರಿಯ ಹೊಟ್ಟೆಯಾಗಿ ಕಂಡಿರಲು ಸಾಧ್ಯವಿಲ್ಲ. ಇಂದಿನ ಪಥ್ಯಾಚರಣೆ ಈ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡಿದೆಯೆಂದು ನನಗೆ ತೋರುತ್ತದೆ. ಹಸಿವನ್ನು ಹತ್ತಿಕ್ಕುತ್ತೇವೆ, ನಿದ್ರೆಯನ್ನು ಮುಂದೂಡುತ್ತೇವೆ, ಅಳುವನ್ನು ನುಂಗುತ್ತೇವೆ. ನೆರೆಯವನ ಸಪಾಟು ಹೊಟ್ಟೆಯನ್ನು ಕಂಡು ಹುಟ್ಟುವ ಮತ್ಸರವನ್ನು ಮಾತ್ರ ದಿನಕ್ಕೆ ನಾಲ್ಕು ಬಾರಿ ಪರದೆಯ ಮೇಲೆ ತೆರೆದು ನೋಡಿ ಬೆಳೆಸುತ್ತೇವೆ.

‘ಸ್ವಸ್ಥ’ ಎಂಬ ಪದವೂ ಇಲ್ಲಿ ನೆನಪಾಗುತ್ತದೆ. ತನ್ನಲ್ಲಿ ತಾನು ನಿಂತವನು ಸ್ವಸ್ಥ. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತೆಯಲ್ಲಿಯೇ ನಿಲ್ಲದೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತಾನೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಸ್ವಾಸ್ಥ್ಯವನ್ನು ಪಾರಮಾರ್ಥಿಕ, ವ್ಯಾವಹಾರಿಕ ಎಂದು ಎರಡಾಗಿ ಕಾಣುತ್ತಾನೆ, ನಿತ್ಯದ ಬದುಕಿಗೆ ಸಂಬಂಧಿಸಿದ ಎರಡನೆಯದರಲ್ಲಿಯೂ ಮನಃಪ್ರಸನ್ನತೆಗೆ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಕನ್ನಡಿಸಿದಾಗ ಇಟ್ಟ ಹೆಸರೂ ‘ಕರ್ನಾಟಕ ಕಲ್ಯಾಣಕಾರಕ’ವೇ. ರೋಗವನ್ನು ಕಳೆಯುವುದು ಎಂಬ ಅರ್ಥದ ಹೆಸರುಗಳು ಬೇಕಾದಷ್ಟಿದ್ದರೂ ಒಳಿತನ್ನು ಉಂಟುಮಾಡುವುದು ಎಂಬ ಹೆಸರನ್ನು ಆರಿಸಿಕೊಂಡದ್ದು ಗಮನಾರ್ಹ. ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜ ಮೂರರ ಕ್ಷೇಮವೆಂದು ಸಾರಿದ್ದು 1948ರಲ್ಲಿ ಜಾರಿಗೆ ಬಂತು.

ಆದರೆ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಅಪ್ಪಟ ವೈದ್ಯಗ್ರಂಥವಲ್ಲದ ಒಂದು ಕನ್ನಡ ಕೃತಿ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವನ್ನು ಸಾಹಿತ್ಯಚರಿತ್ರೆಕಾರರು ‘ವಿಶ್ವಕೋಶ’ವೆಂದು ಕರೆದು ಮುಂದೆ ಸಾಗುವುದು ವಾಡಿಕೆ. ಅದರ ಒಳಗೆ ಏನೇನಿದೆಯೆಂದು ನೋಡಬೇಕು. ಮನೆ ಕಟ್ಟುವ ಕ್ರಮವಿದೆ, ಅಂತರ್ಜಲವನ್ನು ಅರಿಯುವ ಬಗೆಯಿದೆ, ಗಿಡಮರಗಳ ಆರೈಕೆಯಿದೆ, ಸುಗಂಧದ್ರವ್ಯಗಳಿವೆ, ಅಡುಗೆಯಿದೆ, ಮನುಷ್ಯರ ಚಿಕಿತ್ಸೆಯಿದೆ, ದನಕರುಗಳ ಚಿಕಿತ್ಸೆಯೂ ಇದೆ. ಶಕುನ, ಜ್ಯೋತಿಷ್ಯಗಳೂ ಇವೆ. ಅವನ್ನು ಇಂದು ಬದಿಗಿಡೋಣ. ಬಾವಿಯ ನೀರು, ಮನೆಯ ಗಾಳಿ, ಹಿತ್ತಿಲಿನ ಗಿಡ, ಒಲೆಯ ಮೇಲಿನ ಪಾತ್ರೆ, ಕೊಟ್ಟಿಗೆಯ ಹಸು, ಮಲಗಿರುವ ರೋಗಿ, ಇವೆಲ್ಲ ಒಂದೇ ಪುಸ್ತಕದ ವಿಷಯಗಳೆಂದು ಆ ಕವಿಗೆ ಅನಿಸಿತು. ಚದುರಿದ ಶಾಸ್ತ್ರಗಳನ್ನು ಒಟ್ಟಿಗೆ ಹೊಲಿದಿದ್ದಾನೆಂದು ವಿಮರ್ಶಕರು ಹೇಳಬಹುದು. ಗೃಹಸ್ಥನೊಬ್ಬನ ದಿನಚರಿಯಲ್ಲಿ ಅವು ಚದುರಿರಲೇ ಇಲ್ಲವೆಂಬುದು ನನ್ನ ಅಭಿಪ್ರಾಯ. ನೀರು ಕೆಟ್ಟ ಊರಿನಲ್ಲಿ ಪಥ್ಯ ಮಾಡಿ ಸಾಧಿಸುವುದೇನು?

ಇದರಿಂದ ಹಳೆಯದೆಲ್ಲವೂ ಗ್ರಾಹ್ಯವೆಂದು ನಾನು ವಾದಿಸುತ್ತಿಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯವನ್ನು ಕುರಿತ ಅಪೂರ್ವ ಕೃತಿ. ಹಾಗೆಂದು ಹಾವು ಕಡಿದವನನ್ನು ಆಸ್ಪತ್ರೆಗೆ ಒಯ್ಯದೆ ಅದನ್ನು ಓದುತ್ತ ಕುಳಿತರೆ ಅದು ಕೊಲೆಗೆ ಸಮಾನ. ಮಧುಮೇಹವಿದ್ದವರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರು ಹೇಳಿದ ಆಹಾರನಿಯಮವನ್ನು ಪಾಲಿಸಲೇಬೇಕು. ರಕ್ತಪರೀಕ್ಷೆ ಹೇಳುವ ಸತ್ಯವನ್ನು ಯಾವ ಕಾವ್ಯವೂ ಹೇಳಲಾರದು. ನನ್ನ ತಕರಾರಿರುವುದು ಊಟದ ಲೆಕ್ಕವನ್ನೇ ಆರೋಗ್ಯದ ಒಟ್ಟು ಲೆಕ್ಕವೆಂದು ತಿಳಿಯುವುದರ ಬಗೆಗೆ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಪಥ್ಯದ ಪ್ರಚಾರಕರು ಹೇರಳವಾಗಿ ಬಳಸುತ್ತಾರೆ. ಗಾದೆ ಹೇಳುವುದು ಊಟ ಬಲ್ಲವನ ಮಾತು, ಊಟ ಬಿಟ್ಟವನದಲ್ಲ. ಅದಕ್ಕೆ ಇನ್ನೊಂದು ಪಾದವೂ ಇದೆ: ‘ಮಾತು ಬಲ್ಲವನಿಗೆ ಜಗಳವಿಲ್ಲ.’ ರೋಗವನ್ನೂ ಜಗಳವನ್ನೂ, ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ ಜನಪದರಿಗೆ ಇವುಗಳ ನಂಟು ಗೊತ್ತಿತ್ತು. ಮನಸ್ತಾಪದ ನಡುವೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎನ್ನುವುದು ಹಳ್ಳಿಯ ಅಜ್ಜಿಯರಿಗೆ ತಿಳಿದ ವಿಷಯ. ಈಗ ಒಂದೇ ಮನೆಯ ನಾಲ್ವರು ನಾಲ್ಕು ಹೊತ್ತಿನಲ್ಲಿ ನಾಲ್ಕು ಬಗೆಯ ಪಥ್ಯವನ್ನು ಉಣ್ಣುತ್ತಾರೆ. ಒಬ್ಬರ ತಟ್ಟೆ ಇನ್ನೊಬ್ಬರಿಗೆ ಅಪರಾಧವಾಗಿ ಕಾಣುತ್ತದೆ. ನೆಂಟರ ಮನೆಯಲ್ಲಿ ಬೆಲ್ಲ ನೀರು ಕೊಟ್ಟರೆ ಅದರ ಕ್ಯಾಲೊರಿಯನ್ನು ಎಣಿಸುವವರನ್ನು ಕಂಡಿದ್ದೇನೆ. ಆ ಚೂರು ಬೆಲ್ಲದಿಂದ ಆಗುವ ಹಾನಿಗಿಂತ ಅದನ್ನು ನಿರಾಕರಿಸಿದ ಮುಖದ ಬಿಗುವಿನಿಂದ ಆಗುವ ಹಾನಿ ಕಡಿಮೆಯೇನಲ್ಲ.

ನಿದ್ರೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ದೇಹವನ್ನು ಹೊತ್ತು ನಿಲ್ಲುವ ಮೂರು ಆಸರೆಗಳಲ್ಲಿ ಆಹಾರದ ಪಕ್ಕದಲ್ಲಿಯೇ ಚರಕನು ನಿದ್ರೆಯನ್ನು ಇಟ್ಟಿದ್ದಾನೆ. ಏನನ್ನು ತಿನ್ನಬೇಕೆಂದು ಕೇಳುವವರು ಅಸಂಖ್ಯ. ಎಷ್ಟು ಹೊತ್ತಿಗೆ ಮಲಗಬೇಕೆಂದು ಕೇಳುವವರು ಅಪರೂಪ. ಏಕೆಂದರೆ ನಿದ್ರೆಯನ್ನು ಯಾರೂ ಪೊಟ್ಟಣದಲ್ಲಿ ಕಟ್ಟಿ ಮಾರಲಾರರು. ರಾತ್ರಿಪಾಳಿಯ ಕಾರ್ಮಿಕರಿಗೆ, ನಸುಕಿನಲ್ಲೇ ಎದ್ದು ಮೂರು ಮನೆಗಳ ಪಾತ್ರೆ ತೊಳೆಯುವ ಹೆಂಗಸರಿಗೆ ಈ ಸಲಹೆ ಪರಿಹಾಸ್ಯದಂತೆ ಕೇಳಿಸಬಹುದು. ಸಮತೋಲನದ ಬದುಕಿಗೆ ಬಿಡುವು ಬೇಕು, ಬಿಡುವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಲುದಾರಿಯೇ ಇಲ್ಲದ ಬಡಾವಣೆಯ ವೃದ್ಧರು ಎಲ್ಲಿ ನಡೆಯಬೇಕೆಂಬುದಕ್ಕೆ ನಗರಸಭೆಯೇ ಉತ್ತರ ಹೇಳಬೇಕು.

ಶಿಕ್ಷಣಸಂಸ್ಥೆಗಳು ಆರೋಗ್ಯದಿನದಂದು ಆಹಾರತಜ್ಞರನ್ನು ಕರೆಸಿ ಉಪನ್ಯಾಸ ಏರ್ಪಡಿಸುತ್ತವೆ. ಅದು ಆಗಲಿ. ಅದರ ಜೊತೆಗೆ ಮಧ್ಯಾಹ್ನದ ಬಿಡುವು ಎಷ್ಟು ನಿಮಿಷದ್ದೆಂದು ವೇಳಾಪಟ್ಟಿಯನ್ನೊಮ್ಮೆ ತೆರೆದು ನೋಡಲಿ. ಅರ್ಧ ಗಂಟೆಯಲ್ಲಿ ಕೈತೊಳೆಯಲು ಸಾಲು, ಕುಳಿತುಕೊಳ್ಳಲು ಜಾಗದ ಹುಡುಕಾಟ, ಬುತ್ತಿ ಬಿಚ್ಚುವಷ್ಟರಲ್ಲಿ ಗಂಟೆ. ಮರದ ಕೆಳಗೆ ಹತ್ತು ಕಲ್ಲುಬೆಂಚು, ಇನ್ನೆರಡು ನಲ್ಲಿ, ಇಪ್ಪತ್ತು ನಿಮಿಷ ಹೆಚ್ಚು ಬಿಡುವು: ಇಷ್ಟನ್ನು ಒದಗಿಸಿದರೆ ಮಕ್ಕಳು ಒಟ್ಟಿಗೆ ಕುಳಿತು ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ತೆಗೆದುಕೊಂಡು ತಿನ್ನುತ್ತಾರೆ. ಆಮೇಲೆ ಬರುವ ಅವಧಿಯಲ್ಲಿ ಪಾಠ ಮಾಡುವವರಿಗೂ ಆ ವ್ಯತ್ಯಾಸ ಕಾಣುತ್ತದೆ.