ನಮಗೆ ಬೇಡವಾದ ನಾಯಿಕೆ

ನಾಟಕವನ್ನಾಗಲಿ ಚಲನಚಿತ್ರವನ್ನಾಗಲಿ ನೋಡಿ ಬಂದವರು ಮೊದಲು ಆಡುವ ಮಾತು ಕಥೆಯನ್ನು ಕುರಿತದ್ದಲ್ಲ. ಯಾವ ಪಾತ್ರ ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದೇ ಆಗಿರುತ್ತದೆ. ಇದು ಸಹಜವೇ ಸರಿ. ಆದರೆ ಕಥೆಯ ನಟ್ಟನಡುವೆ ನಿಂತವಳೇ ಹಿಡಿಸದವಳಾಗಿದ್ದು, ಅವಳು ಕೊಲೆಗಾರ್ತಿಯೂ ಆಗಿದ್ದು, ಅವಳಿಗಾಗಿ ಕನಿಕರಪಡಲು ಕಥೆಗಾರ ಒಂದೆಳೆಯಷ್ಟು ಕಾರಣವನ್ನೂ ಒದಗಿಸದಿದ್ದರೆ ಪ್ರೇಕ್ಷಕರು ಏನು ಮಾಡುತ್ತಾರೆ? ‘ದಂಡುಪಾಳ್ಯ’ ಎಂಬ ಚಿತ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೊಂಚ ವಿಚಾರಿಸಬೇಕೆಂದು ನನ್ನ ಉದ್ದೇಶ. ಕಾಲೇಜಿನ ಪತ್ರಿಕೆಯಲ್ಲಿ ಇಂಥ ಚಿತ್ರದ ಮಾತೇಕೆ ಎಂದು ಹಿರಿಯರು ಹುಬ್ಬುಗಂಟಿಕ್ಕಬಹುದು. ಅವರಲ್ಲಿ ಅನೇಕರು ಆ ಚಿತ್ರವನ್ನು ನೋಡಿದ್ದಾರೆಂಬುದು ನನಗೆ ಗೊತ್ತಿದೆ!

ಶ್ರೀನಿವಾಸರಾಜು ಅವರ ನಿರ್ದೇಶನದ ಈ ಚಿತ್ರ ತೆರೆಗೆ ಬಂದದ್ದು 2012ರಲ್ಲಿ. ಬೆಂಗಳೂರಿನ ಸುತ್ತಮುತ್ತ ಒಂಟಿ ಹೆಂಗಸರಿರುವ ಮನೆಗಳನ್ನು ಹೊಕ್ಕು ಕೊಲೆ ದರೋಡೆಗಳನ್ನು ನಡೆಸಿದ ಒಂದು ತಂಡದ ಕಥೆ ಇದು. ಹೊಸಕೋಟೆಯ ಬಳಿಯ ಊರಿನ ಹೆಸರು ಆ ತಂಡಕ್ಕೆ ಅಂಟಿಕೊಂಡಿತು. ಆ ಹೆಸರನ್ನು ಹೊತ್ತು ಬಾಳಬೇಕಾಗಿ ಬಂದ ಊರವರ ಪಾಡು ಬೇರೊಂದು ಲೇಖನಕ್ಕೆ ವಸ್ತುವಾದೀತು. ಚಿತ್ರದ ಲಕ್ಷ್ಮಿಯಾಗಿ ಅಭಿನಯಿಸಿದವರು ಪೂಜಾ ಗಾಂಧಿ. ಹಗಲು ಹೊತ್ತಿನಲ್ಲಿ ಮನೆಯ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳುವುದು ಆ ತಂಡದ ಉಪಾಯ. ಮನೆಯಾಕೆ ನೀರು ತರಲು ಒಳಗೆ ತಿರುಗುತ್ತಾಳೆ. ಮುಂದಿನದನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ.

ಚಿತ್ರ ಚೆನ್ನಾಗಿ ಓಡಿತು. ತೆಲುಗಿಗೂ ಹೋಗಿ ಅಲ್ಲಿಯೂ ಜನರನ್ನು ಸೆಳೆಯಿತು. ಆಂಧ್ರದ ಊರುಗಳು ಸುತ್ತುವರಿದಿರುವ ನಮ್ಮ ಪಾವಗಡದಲ್ಲಿ ಅದನ್ನು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ನೋಡಿದವರು ಕಡಮೆಯಿಲ್ಲ. ಆಗ ನಾನಿನ್ನೂ ಕಾಗುಣಿತ ತಿದ್ದುತ್ತಿದ್ದೆ. ಟೆಲಿವಿಷನ್‌ನಲ್ಲಿ ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ನೋಡಿದವರನ್ನೆಲ್ಲ ಕೇಳುತ್ತ ಬಂದಿದ್ದೇನೆ. ಆಶ್ಚರ್ಯವೆಂದರೆ, ಅವಳು ಕೊಂದಳೆಂಬುದನ್ನು ಮೊದಲ ಮಾತಾಗಿ ಹೇಳಿದವರು ಬಹು ವಿರಳ. ‘ಬೀಡಿ ಸೇದುತ್ತಾಳೆ ಕಣೆ’ ಎಂದವರೇ ಹೆಚ್ಚು. ‘ಏನು ಬಾಯಿ ಅವಳದು!’ ಎಂದವರು ಕೆಲವರು. ‘ಮುಂಗಾರು ಮಳೆ’ಯಲ್ಲಿ ನೆನೆದು ನಿಂತಿದ್ದ ಆ ನಂದಿನಿ ಹೀಗಾಗಬಹುದೇ ಎಂದು ಮರುಗಿದವರೂ ಉಂಟು, ಸ್ವಂತ ಮನೆಯ ಹುಡುಗಿಯೇ ಕೆಟ್ಟುಹೋದಳೆಂಬಂತೆ ಅವರ ದುಃಖ! ಚಿತ್ರ ಬಂದ ಕಾಲದಲ್ಲಿ ಎದ್ದ ಗದ್ದಲವೂ ಕೊಲೆಗಳನ್ನು ಕುರಿತದ್ದಾಗಿರಲಿಲ್ಲ. ನಟಿಯ ಬೆನ್ನು ಬರಿದಾಗಿ ಕಾಣುವ ಒಂದು ದೃಶ್ಯ ಎಲ್ಲರ ಬಾಯಿಗೂ ಬಂದು ಪ್ರತಿಭಟನೆಗಳು ನಡೆದವು. ಕತ್ತು ಕುಯ್ಯುವ ದೃಶ್ಯಗಳು ಸಾಲುಸಾಲಾಗಿ ಇರುವ ಚಿತ್ರದಲ್ಲಿ ನಮ್ಮ ನಾಡಿನ ಮಾನ ಹೋದದ್ದು ಬೆನ್ನಿನಿಂದ.

ಇದಕ್ಕೆ ಎದುರಾಗಿ ಗಂಡು ಪಾತ್ರಗಳನ್ನು ನೆನೆಯೋಣ. ಉಪೇಂದ್ರರ ‘ಓಂ’ (1995) ಚಿತ್ರದಲ್ಲಿ ಅರ್ಚಕರ ಮಗ ಲಾಂಗು ಹಿಡಿದು ಬೀದಿಗಿಳಿಯುತ್ತಾನೆ. ಮರುಬಿಡುಗಡೆಯಾದಾಗಲೆಲ್ಲ ಶಿಳ್ಳೆ ಬಿದ್ದಿದೆ. ‘ಜೋಗಿ’ (2005)ಯ ಮಾದೇಶ ರೌಡಿಯಾದರೂ ಅವನನ್ನು ಹುಡುಕಿಕೊಂಡು ಅಲೆಯುವ ತಾಯಿ ನಮ್ಮನ್ನು ಅಳಿಸುತ್ತಾಳೆ. ‘ಕೆ.ಜಿ.ಎಫ್’ (2018)ನ ರಾಕಿ ಕೊಂದವರ ಲೆಕ್ಕ ಇಟ್ಟವರಾರು? ಅವನು ತಾಯಿಗೆ ಮಾತು ಕೊಟ್ಟಿದ್ದಾನೆ, ಅಷ್ಟು ಸಾಕು. ನಮ್ಮ ಚಿತ್ರಕಥೆಗಾರರು ಕೊಲೆಗಾರನಿಗೆ ತಪ್ಪದೆ ಒಬ್ಬ ತಾಯಿಯನ್ನು ಒದಗಿಸುತ್ತಾರೆ. ಆ ತಾಯಿಯ ಕಣ್ಣೀರಿನಲ್ಲಿ ಅವನ ಕೈಯ ರಕ್ತ ತೊಳೆದುಹೋಗುತ್ತದೆ. ಚಿತ್ರವೇ ಏಕೆ, ಊರ ಹಬ್ಬದಲ್ಲಿ ‘ಕುರುಕ್ಷೇತ್ರ’ ಕಟ್ಟಿದಾಗ ದುರ್ಯೋಧನನ ಪಾತ್ರಕ್ಕೆ ಎಂಥ ಪೈಪೋಟಿ, ಗದೆ ಹೊತ್ತು ಬಂದರೆ ಎಷ್ಟು ಹಾರ, ಎದೆಗೆ ಎಷ್ಟು ನೋಟು! ಲಕ್ಷ್ಮಿಗೆ ತಾಯಿಯೂ ಇಲ್ಲ, ಕೊಟ್ಟ ಮಾತೂ ಇಲ್ಲ. ಅವಳಿಗೆ ಹಣ ಬೇಕು, ಒಡವೆ ಬೇಕು, ಕೊಲ್ಲುವುದಕ್ಕೆ ಹೇಸಿಕೆಯಿಲ್ಲ. ಇಷ್ಟೇ. ನಿಜವಾದ ಪಾತಕಕ್ಕೆ ರಾಕಿಗಿಂತ ಅವಳೇ ಹತ್ತಿರದವಳೆಂದು ನನ್ನ ನಮ್ರ ಅಭಿಪ್ರಾಯ. ಅವಳನ್ನು ಮೆಚ್ಚಿರೆಂದು ನಾನು ಯಾರನ್ನೂ ಕೇಳುತ್ತಿಲ್ಲ. ನನಗೂ ಅವಳು ಬೇಡ. ಆದರೆ ಕೊಲೆಗಾಗಿ ಬೇಡವಾಗುವುದು ಒಂದು, ಬೀಡಿಗಾಗಿ ಬೇಡವಾಗುವುದು ಇನ್ನೊಂದು.

ಇದು ಚಲನಚಿತ್ರ ತಂದ ರೋಗವೆಂದು ತಿಳಿಯಬೇಕಾಗಿಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ. ಅದರ ಅಮೃತಮತಿ ರಾತ್ರಿಯಲ್ಲಿ ಹಾಡು ಕೇಳಿ ಮಾವಟಿಗನಿಗೆ ಮನಸೋಲುತ್ತಾಳೆ; ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕನ್ನಡದಲ್ಲಿ ಇವಳಿಗಿಂತ ಅಪ್ರಿಯಳಾದ ನಾಯಿಕೆ ಉಂಟೋ ಇಲ್ಲವೋ ಕಾಣೆ. ಇಲ್ಲಿಯೂ ಓದುಗರು ಮೂಗು ಮುರಿಯುವುದು ಎಲ್ಲಿ? ಅರಸನಂಥ ಗಂಡನನ್ನು ಬಿಟ್ಟು ಕುರೂಪಿ ಮಾವಟಿಗನನ್ನು ಹುಡುಕಿಕೊಂಡು ಹೋದಳಲ್ಲ ಎಂಬಲ್ಲಿ. ಆ ಭಾಗ ಬಂದಾಗ ತರಗತಿಯಲ್ಲಿ ‘ಛೀ’ ಎಂಬ ಉದ್ಗಾರ, ಹಿಂದಿನ ಬೆಂಚುಗಳಲ್ಲಿ ನಗೆ. ವಿಷದ ಪ್ರಸಂಗ ಬರುವಷ್ಟರಲ್ಲಿ ತೀರ್ಪು ಆಗಿಹೋಗಿರುತ್ತದೆ. ಎರಡು ಹೆಣ ಬಿದ್ದುದು ಬರಿಯ ಅನುಬಂಧ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ತೆಗೆದುಕೊಂಡು ‘ಹಿಟ್ಟಿನ ಹುಂಜ’ ಬರೆದಾಗ ರಾಣಿಯ ಬಾಯಿಗೂ ಮಾತು ಬಂದಿತು. ಅದು ಬೇರೆ ವಿಷಯ.

ಚಿತ್ರ ಚಿತ್ರವಾಗಿಯೇ ಉಳಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನನ್ನ ದೊಡ್ಡಮ್ಮ ಬೇಸಗೆಯಲ್ಲಿ ಹುಣಿಸೆಹಣ್ಣಿನ ಮಂಕರಿ ಹೊತ್ತು ಊರೂರಿಗೆ ಮಾರಲು ಹೋಗುತ್ತಾರೆ. ಒಂದು ಪಟ್ಟಣದ ಹೊಸ ಬಡಾವಣೆಯಲ್ಲಿ ಉರಿಬಿಸಿಲಿಗೆ ಬಾಯಾರಿ ಒಂದು ಮನೆಯ ಮುಂದೆ ನಿಂತು ನೀರು ಕೇಳಿದರಂತೆ. ಬಾಗಿಲು ತೆರೆಯಲಿಲ್ಲ. ಕಿಟಕಿಯ ಒಳಗಿನಿಂದ, ‘ಮುಂದಕ್ಕೆ ಹೋಗಮ್ಮ, ಆ ಸಿನಿಮಾ ನಾವೂ ನೋಡಿದ್ದೀವಿ’ ಎಂದು ಒಂದು ಧ್ವನಿ ಬಂದಿತು. ಸಿನಿಮಾ ನೋಡದ ದೊಡ್ಡಮ್ಮನಿಗೆ ಇದು ಅರ್ಥವಾಗಲಿಲ್ಲ. ಸಂಜೆ ಮನೆಗೆ ಬಂದು ‘ಯಾವ ಸಿನಿಮಾನೇ ಅದು?’ ಎಂದು ನನ್ನನ್ನು ಕೇಳಿದರು. ನಾನು ಕಥೆ ಹೇಳಿದೆ. ಆ ಮನೆಯಾಕೆಯ ಮೇಲೆ ಸಿಟ್ಟಾಗುವರೆಂದುಕೊಂಡಿದ್ದೆ. ಅವರು ಬೈದದ್ದು ಲಕ್ಷ್ಮಿಯನ್ನು! ‘ಹಾಳಾದೋಳು, ನೀರಿನ ಋಣಕ್ಕೇ ಮಣ್ಣು ಹಾಕಿದ್ಲಲ್ಲ!’

ನೀರಿಗೆ ಬರ ಬಂದ ವರ್ಷಗಳಲ್ಲಿಯೂ ಬಾಗಿಲಿಗೆ ಬಂದವರಿಗೆ ಒಂದು ಚೊಂಬು ನೀರು ಇಲ್ಲವೆನ್ನದ ಸೀಮೆ ನಮ್ಮದು. ಕಿಟಕಿಯ ಒಳಗಿದ್ದಾಕೆಯ ಭಯ ಸುಳ್ಳೆಂದು ನಾನು ಹೇಳಲಾರೆ. ಒಂಟಿಯಾಗಿರುವ ಹೆಂಗಸಿಗೆ ಅಂಜಿಕೆ ಸಹಜ, ಕಥೆಯಲ್ಲಿ ಸತ್ತವರು ನೀರು ಕೊಡಲು ಹೋದವರೇ ತಾನೆ? ಆದರೆ ಆ ಅಂಜಿಕೆ ಯಾರ ಮೇಲೆ ಹೋಗಿ ಕೂರುತ್ತದೆ ಎಂಬುದನ್ನು ನೋಡಿರಿ. ಸೂಟು ತೊಟ್ಟು ಸಾಲದ ಕಾಗದ ಹಿಡಿದು ಬಂದವನ ಮೇಲಲ್ಲ. ಮಾಸಿದ ಸೀರೆ, ತಲೆಯ ಮೇಲೊಂದು ಹೊರೆ, ಬಿಸಿಲಿಗೆ ಕಪ್ಪಾದ ಮುಖ, ಇಷ್ಟಿದ್ದರೆ ಸಾಕು, ಅವಳು ಲಕ್ಷ್ಮಿ. ಕೆಲವು ಪಂಗಡಗಳಲ್ಲಿ ಹುಟ್ಟಿದವರನ್ನೆಲ್ಲ ಅಪರಾಧಿಗಳೆಂದು ಬರೆದಿಡುವ ಕಾಯಿದೆಯನ್ನು ಬ್ರಿಟಿಷರು 1871ರಲ್ಲಿ ಮಾಡಿದರು. ಸ್ವತಂತ್ರ ಭಾರತ ಅದನ್ನು 1952ರಲ್ಲಿ ತೆಗೆದುಹಾಕಿತು. ಕಾಗದದಿಂದ ಅಳಿಸಿದ್ದು ಕಿಟಕಿಯ ಹಿಂದೆ ಇನ್ನೂ ಇದೆ.

ಇನ್ನೊಂದು ಮಾತು. ಲಕ್ಷ್ಮಿಯ ಕೈಯಲ್ಲಿ ಸತ್ತ ಹೆಂಗಸರ ಹೆಸರನ್ನು ಕೇಳಿದರೆ ಯಾರೂ ಹೇಳಲಾರರು. ನಾನೂ ಹೇಳಲಾರೆ. ಅವರ ಬಗ್ಗೆ ದುಃಖಪಡಬೇಕಾದ ಹೊತ್ತಿನಲ್ಲಿ ನಾವು ಬೀಡಿಯನ್ನು ನೋಡುತ್ತಿದ್ದೆವು.

2017ರಲ್ಲಿ ಅದೇ ನಿರ್ದೇಶಕರು ಈ ಕಥೆಯನ್ನು ಮುಂದುವರಿಸಿ ಇನ್ನೊಂದು ಚಿತ್ರ ತಂದರು. ಅದರಲ್ಲಿ ಪತ್ರಕರ್ತೆಯೊಬ್ಬಳು ತಂಡದವರನ್ನು ಕಂಡು ಮಾತನಾಡಿಸುತ್ತಾಳೆ. ಪೊಲೀಸರು ಹೊಡೆದು ಬಡಿದು ಮಾಡದ ತಪ್ಪನ್ನು ಹೊರಿಸಿದರೇ ಎಂಬ ಸಂದೇಹ ಏಳುತ್ತದೆ. ಮೊದಲ ಚಿತ್ರದಲ್ಲಿ ರವಿಶಂಕರ್ ಅಭಿನಯಿಸಿದ ಚಲಪತಿಯ ಲಾಠಿಗೆ ಚಪ್ಪಾಳೆ ತಟ್ಟಿದವರೇ ಎರಡನೆಯದರಲ್ಲಿ ಅದೇ ಲಾಠಿಗೆ ‘ಅಯ್ಯೋ ಪಾಪ’ ಎಂದರು. ಇದನ್ನು ಜನರ ಮನಃಪರಿವರ್ತನೆಯೆಂದು ಕೆಲವರು ಹೊಗಳುವುದುಂಟು. ನನಗೆ ಹಾಗೆ ತೋರಲಿಲ್ಲ. ಅವಳು ನಿರಪರಾಧಿಯಾಗಿದ್ದರೆ ಮಾತ್ರ ಹೊಡೆತ ತಪ್ಪು, ಪಾಪಿಯಾಗಿದ್ದರೆ ಸರಿ ಎಂಬಲ್ಲಿಗೇ ನಾವು ನಿಂತೆವಲ್ಲವೆ? ಅವಳು ಕೊಂದದ್ದು ನಿಜವೇ ಆಗಿದ್ದು, ಬಾಯಿ ಹರಕಿಯೇ ಆಗಿದ್ದು, ಒಂದಿಷ್ಟೂ ಪಶ್ಚಾತ್ತಾಪ ಪಡದಿದ್ದರೂ ಠಾಣೆಯಲ್ಲಿ ಅವಳನ್ನು ಬಡಿಯುವ ಅಧಿಕಾರ ಯಾರಿಗೂ ಇಲ್ಲ. ಶಿಕ್ಷೆ ನ್ಯಾಯಾಲಯದ ಕೆಲಸ. ಇದನ್ನು ಒಪ್ಪಿಕೊಳ್ಳಲು ನಮಗೆ ಒಳ್ಳೆಯ ಲಕ್ಷ್ಮಿ ಬೇಕಾಗಬಾರದಾಗಿತ್ತು.

ಇದನ್ನು ಗೆಳತಿಯರ ಮುಂದೆ ಹೇಳಿದಾಗ ದೊಡ್ಡ ಜಗಳವೇ ಆಯಿತು. ಎರಡನೆಯ ವರ್ಷದ ಒಬ್ಬಳು, ‘ಸತ್ತ ಹೆಂಗಸು ನಿನ್ನ ತಾಯಿಯಾಗಿದ್ದರೆ ಹೀಗೆ ಹೇಳುತ್ತಿದ್ದೆಯಾ ಅಕ್ಕಾ?’ ಎಂದು ಕೇಳಿದಳು. ಆಗಿದ್ದರೆ ಲಾಠಿಯನ್ನು ನಾನೇ ಎತ್ತುತ್ತಿದ್ದೆನೇನೋ, ಆದ್ದರಿಂದಲೇ ನ್ಯಾಯಾಧೀಶರ ಪೀಠದಲ್ಲಿ ಸತ್ತವಳ ಮಗಳನ್ನು ಕೂರಿಸುವುದಿಲ್ಲ ಎಂದೆ. ಅವಳು ಒಪ್ಪಲಿಲ್ಲ. ಅವಳ ವಾದವನ್ನೂ ಬರೆದುಕೊಡೆಂದು ಹೇಳಿದ್ದೇನೆ. ಬರೆದರೆ ಸಂಪಾದಕರು ಮುಂದಿನ ವರ್ಷದ ಸಂಚಿಕೆಯಲ್ಲಿ ಸ್ಥಳ ಕೊಡಬೇಕಾಗಿ ಪ್ರಾರ್ಥನೆ.