ದೂರಪ್ರಯಾಣದ ಮೋಟಾರ್‌ಸೈಕಲ್ಲು ಮತ್ತು ಅದರ ಕ್ಷೇಮ

ನಮ್ಮ ಹಿರಿಯರು ಪತ್ರ ಬರೆಯುವಾಗ ಮೊದಲ ಸಾಲಿನಲ್ಲಿಯೇ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದರು. ಈ ಒಂದು ಪದದಲ್ಲಿ ಎರಡು ಅರ್ಥಗಳು ಅಡಗಿವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಯೋಗಕ್ಕಾಗಿ ನಾವು ಪಡುವ ಶ್ರಮದ ಕಾಲುಭಾಗವನ್ನೂ ಕ್ಷೇಮಕ್ಕಾಗಿ ಪಡುವುದಿಲ್ಲವೆಂಬುದು ಮನೆಮನೆಯಲ್ಲಿ ಕಂಡುಬರುವ ಸತ್ಯ. ಮಗನೋ ಮಗಳೋ ಕೆಲಸಕ್ಕೆ ಸೇರಿ, ಸಂಬಳದಲ್ಲಿ ಉಳಿಸಿ, ಮಿಕ್ಕಿದ್ದಕ್ಕೆ ಸಾಲದ ಕಂತು ಕಟ್ಟುತ್ತ ಒಂದು ದೊಡ್ಡ ಮೋಟಾರ್‌ಸೈಕಲ್ಲನ್ನು ಕೊಂಡಾಗ ಮನೆಮಂದಿಯೆಲ್ಲ ಅದಕ್ಕೆ ಹೂಮಾಲೆ ಹಾಕಿ ಸಂಭ್ರಮಿಸುತ್ತಾರೆ. ಅದೇ ವಾಹನವನ್ನೇರಿ ಮಕ್ಕಳು ಆಗುಂಬೆಗೋ, ಹಂಪೆಗೋ, ದೂರದ ಲಡಾಖಿಗೋ ಹೊರಟಾಗ ತಾಯಿ ಕೇಳುವ ಪ್ರಶ್ನೆ ‘ಊಟಕ್ಕೆ ಏನು ಮಾಡುತ್ತೀರಿ’ ಎಂಬುದು. ತಂದೆ ಕೇಳುವ ಪ್ರಶ್ನೆ ‘ದುಡ್ಡು ಸಾಕೇ’ ಎಂಬುದು. ರಾತ್ರಿ ಪರಸ್ಥಳದಲ್ಲಿ ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳುವವರು ವಿರಳ. ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇವೆ.

ಕನ್ನಡಿಗರಿಗೆ ಮೋಟಾರ್‌ಸೈಕಲ್ಲಿನ ನಂಟು ಹೊಸದಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಅನಂತರ ಯೆಜ್ಡಿ ಗಾಡಿಗಳು ತಯಾರಾಗುತ್ತಿದ್ದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಕಾಲದಲ್ಲಿ ಊರಿಗೆ ಒಂದೋ ಎರಡೋ ಇದ್ದ ಗಾಡಿಯ ಸದ್ದು ಕೇಳಿದೊಡನೆ ಇದು ಮೇಷ್ಟರದು, ಇದು ಗೌಡರದು ಎಂದು ಮಕ್ಕಳೂ ಹೇಳುತ್ತಿದ್ದರು. ಗೌಡರ ಗಾಡಿಯನ್ನು ಅಪರಿಚಿತನೊಬ್ಬ ನಡೆಸಿಕೊಂಡು ಹೋದರೆ ಹತ್ತು ಮಂದಿ ತಡೆದು ಕೇಳುತ್ತಿದ್ದರು. ಅಂದು ಊರಿನ ಕಣ್ಣುಗಳೇ ಬೀಗವಾಗಿದ್ದವು. ಪ್ರವಾಸದ ಮೋಟಾರ್‌ಸೈಕಲ್ಲು ಕಳೆದುಕೊಳ್ಳುವುದು ಈ ಕಣ್ಣುಗಳನ್ನೇ. ಪರಸ್ಥಳದಲ್ಲಿ ಅದರ ಒಡೆಯನೂ ಅಪರಿಚಿತ, ಕಳ್ಳನೂ ಅಪರಿಚಿತ. ನೋಡುವವರಿಗೆ ಇಬ್ಬರಲ್ಲಿ ಭೇದವಿಲ್ಲ. ಮೇಲಾಗಿ ಹೊರರಾಜ್ಯದ ನಂಬರ್ ಫಲಕ, ಎರಡೂ ಪಕ್ಕದ ಪೆಟ್ಟಿಗೆಗಳು, ಹಗ್ಗದಲ್ಲಿ ಬಿಗಿದ ಸಾಮಾನು ಇವೆಲ್ಲ ಒಡೆಯನು ದೂರದವನೆಂದು ತಾವೇ ಸಾರಿ ಹೇಳುತ್ತವೆ.

ರಕ್ಷಣೆಯ ಉಪಾಯಗಳನ್ನು ಅರಿಯುವ ಮುನ್ನ ಕಳ್ಳನಿಗೆ ಬೇಕಾದುದೇನೆಂಬುದನ್ನು ಅರಿಯಬೇಕು. ಅವನಿಗೆ ಬೇಕಾದುದು ಯಾರೂ ನೋಡದ ಕೆಲವು ನಿಮಿಷಗಳು ಮಾತ್ರ. ಒಡೆಯಲಾಗದ ಬೀಗ ಲೋಕದಲ್ಲಿಲ್ಲ. ಆದರೆ ಒಡೆಯಲು ಹತ್ತು ನಿಮಿಷ ಹಿಡಿಯುವ ಬೀಗವನ್ನು ಕಂಡ ಕಳ್ಳನು ಒಂದೇ ನಿಮಿಷ ಹಿಡಿಯುವ ಬೇರೊಂದನ್ನು ಹುಡುಕಿಕೊಂಡು ಹೋಗುತ್ತಾನೆ. ಆದುದರಿಂದ ಕಳ್ಳನ ಸಮಯವನ್ನು ಕಸಿದುಕೊಳ್ಳುವುದೇ ಎಲ್ಲ ಉಪಾಯಗಳ ಸಾರ. ಮುಂದೆ ಹೇಳುವುದೆಲ್ಲವೂ ಈ ಒಂದು ಸೂತ್ರದ ವಿವರಣೆ.

ಗಾಡಿಯೊಡನೆ ಬರುವ ಹ್ಯಾಂಡಲ್ ಲಾಕ್ ಮೊದಲ ಬಾಗಿಲು. ಅದನ್ನು ಎಂದೂ ಮರೆಯಬಾರದು, ಅದೊಂದನ್ನೇ ನಂಬಲೂಬಾರದು. ಅದರೊಳಗಿರುವುದು ಬೆರಳುಗಾತ್ರಕ್ಕಿಂತ ಸಣ್ಣದಾದ ಒಂದು ಕೀಲು. ಉದ್ದವಾದ ಹ್ಯಾಂಡಲನ್ನು ಬಲವಾಗಿ ಒದ್ದು ತಿರುಗಿಸಿದರೆ ಸನ್ನೆಕೋಲಿನ ನ್ಯಾಯದಂತೆ ಆ ಬಲವೆಲ್ಲ ಕೀಲಿನ ಮೇಲೆ ಬಿದ್ದು ಅದು ಮುರಿಯುತ್ತದೆ. ಇಗ್ನಿಷನ್ ಚಾವಿಯೂ ಅನೇಕ ಗಾಡಿಗಳಲ್ಲಿ ವಿದ್ಯುತ್ತಿನ ಒಂದು ಸ್ವಿಚ್ಚು ಮಾತ್ರ. ತಂತಿಗಳನ್ನು ಬಲ್ಲವನಿಗೆ ಚಾವಿ ಬೇಕಾಗುವುದಿಲ್ಲ. ಚಾವಿಯೊಳಗಿನ ಚಿಪ್ಪನ್ನು ಗುರುತಿಸದ ಹೊರತು ಎಂಜಿನ್ ಚಾಲೂ ಆಗದಂಥ ಇಮ್ಮೊಬಿಲೈಸರ್ ಇರುವ ಗಾಡಿಗಳಲ್ಲಿ ಮಾತ್ರ ಈ ದಾರಿ ಕಠಿಣ. ಅದಿಲ್ಲದವರು ನಂಬಿಗಸ್ತ ಮೆಕ್ಯಾನಿಕ್‌ನಿಂದ ಒಂದು ಗುಪ್ತ ಸ್ವಿಚ್ಚು ಹಾಕಿಸಬಹುದು. ಇಲ್ಲವೇ ರಾತ್ರಿಯ ಹೊತ್ತು ಮುಖ್ಯ ಫ್ಯೂಜನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಫ್ಯೂಜು ಎಲ್ಲಿದೆಯೆಂಬುದು ಗಾಡಿಯೊಡನೆ ಕೊಟ್ಟ ಕೈಪಿಡಿಯಲ್ಲಿ ಇರುತ್ತದೆ. ಆದರೆ ಆ ಕೈಪಿಡಿಯನ್ನು ತೆರೆದು ಓದುವವರು ಎಷ್ಟು ಜನ!

ಎಂಜಿನ್ ಚಾಲೂ ಆಗದಿದ್ದರೂ ಗಾಡಿಯನ್ನು ಎತ್ತಿಕೊಂಡು ಹೋಗಬಹುದು. ಬುಲೆಟ್, ಹಿಮಾಲಯನ್ ಮೊದಲಾದವುಗಳ ತೂಕ ಸುಮಾರು 200 ಕಿಲೋ. ನಾಲ್ವರು ಕೂಡಿ ಟೆಂಪೋದೊಳಕ್ಕೆ ಏರಿಸಲು ಅದು ಹೆಚ್ಚಿನ ಭಾರವಲ್ಲ. ಇದಕ್ಕೆ ಮದ್ದು ಚೈನು. ಗಟ್ಟಿಯಾದ ಉಕ್ಕಿನ ಚೈನನ್ನು ಹಿಂದಿನ ಚಕ್ರದ ಮೂಲಕವೂ ಚಾಸಿಯ ಮೂಲಕವೂ ಹಾಯಿಸಿ, ನೆಲದಲ್ಲಿ ನೆಟ್ಟ ಕಂಬಕ್ಕೋ ಕಬ್ಬಿಣದ ಗ್ರಿಲ್ಲಿಗೋ ಬಿಗಿಯಬೇಕು. ಮುಂದಿನ ಚಕ್ರಕ್ಕೆ ಮಾತ್ರ ಬಿಗಿದರೆ ಬೆಳಗ್ಗೆ ಚಕ್ರವೊಂದೇ ಉಳಿದೀತು! ಚೈನು ನೆಲಕ್ಕೆ ತಾಗದಂತಿರಬೇಕು. ನೆಲದ ಮೇಲೆ ಬಿದ್ದಿರುವ ಚೈನಿಗೆ ನೆಲವೇ ಅಡಿಗಲ್ಲಾಗಿ ಸುತ್ತಿಗೆಯ ಪೆಟ್ಟು ಚೆನ್ನಾಗಿ ಕೂರುತ್ತದೆ. ಬ್ಯಾಟರಿಯಿಂದ ನಡೆಯುವ ಕೊರೆಯುವ ಯಂತ್ರಕ್ಕೆ ಚೈನೂ ಸೋಲುತ್ತದೆಂಬುದು ನಿಜ. ಆದರೆ ಆ ಯಂತ್ರ ಕಿಡಿ ಹಾರಿಸುತ್ತದೆ, ಬೀದಿಯನ್ನೇ ಎಬ್ಬಿಸುವಂತೆ ಕಿರುಚುತ್ತದೆ. ಚೈನು ಹೊರುವುದು ಭಾರವೆನ್ನುವವರು ಬ್ರೇಕಿನ ತಟ್ಟೆಗೆ ಹಾಕುವ ಡಿಸ್ಕ್ ಲಾಕನ್ನಾದರೂ ಒಯ್ಯಬೇಕು. ಅದನ್ನು ಮರೆತು ಗಾಡಿ ಹೊರಡಿಸಿದರೆ ಬೀಳುವುದು ಖಂಡಿತ. ಆದುದರಿಂದ ಹ್ಯಾಂಡಲಿಗೆ ಕಟ್ಟುವ ನೆನಪಿನ ದಾರವನ್ನೂ ಕೂಡಿಯೇ ಬಳಸಬೇಕು. ಚಲನೆಗೆ ಕೂಗುವ ಅಲಾರಂ ಇರುವ ಡಿಸ್ಕ್ ಲಾಕುಗಳೂ ದೊರೆಯುತ್ತವೆ.

ಬೀಗಕ್ಕಿಂತಲೂ ಹಿರಿದು ಸ್ಥಳ. ಉತ್ತರ ಕರ್ನಾಟಕದಲ್ಲಿ ಬೀಗಕ್ಕೆ ಕೀಲಿ ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆ ಮದುವೆಯ ಸಂಬಂಧಿಗಳನ್ನು ಕೂಡ ಬೀಗರೆಂದೇ ಕರೆಯುತ್ತಾರೆ. ಬೀಗರ ಮನೆಗೆ ಹೋದವರು ಮೊದಲು ಗಾಡಿಯನ್ನು ಅಂಗಳದೊಳಕ್ಕೆ ತರುವಂತೆ ಹೇಳಿಸಿಕೊಳ್ಳುತ್ತಾರೆ. ಲಾಡ್ಜಿನಲ್ಲಿ ಹಾಗೆ ಹೇಳುವವರಿಲ್ಲ, ನಾವೇ ಕೇಳಬೇಕು. ಕೋಣೆಯ ಬಾಡಿಗೆಯನ್ನು ಕೇಳುವ ಮೊದಲೇ ಗಾಡಿ ನಿಲ್ಲಿಸಲು ಕಾಂಪೌಂಡಿನ ಒಳಗೆ ಜಾಗವಿದೆಯೇ, ರಾತ್ರಿ ಗೇಟು ಹಾಕುತ್ತಾರೆಯೇ, ಕಾವಲುಗಾರನಿದ್ದಾನೆಯೇ ಎಂದು ವಿಚಾರಿಸಬೇಕು. ಇಲ್ಲವೆಂದರೆ ಇನ್ನೊಂದು ಲಾಡ್ಜು ನೋಡುವುದು ಲೇಸು. ಬೆಳಕಿನಲ್ಲಿ, ಕ್ಯಾಮೆರಾದ ದೃಷ್ಟಿಯಲ್ಲಿ, ಗೋಡೆಗೆ ಒತ್ತಿಕೊಂಡು ಗಾಡಿ ನಿಲ್ಲಬೇಕು. ನಾಲ್ಕಾರು ಮಂದಿ ಜೊತೆಯಾಗಿ ಹೋದಾಗ ಗಾಡಿಗಳನ್ನು ಒಂದಕ್ಕೊಂದು ಚೈನಿನಿಂದ ಬಿಗಿದರೆ ಒಂದರ ಭಾರ ಇನ್ನೊಂದಕ್ಕೆ ಕಾವಲಾಗುತ್ತದೆ. ಮಾಸಿದ ಬಣ್ಣದ ಸಾದಾ ಹೊದಿಕೆಯೊಂದನ್ನು ಹೊದಿಸಿದರೆ ಒಳಗೇನಿದೆಯೆಂದು ನೋಡಲು ಕಳ್ಳನಿಗೆ ಮತ್ತೊಂದು ನಿಮಿಷ ಬೇಕು. ಆ ನಿಮಿಷವೂ ನಮ್ಮದೇ.

ಹಗಲಿನಲ್ಲಿ ಅಪಾಯ ಬೇರೆ ಬಗೆಯದು. ಢಾಬಾದಲ್ಲಿ ಕುಳಿತಾಗ ಗಾಡಿ ಕಣ್ಣೆದುರಿಗೆ ಇರುವಂತೆ ಮೇಜನ್ನು ಆರಿಸಿಕೊಳ್ಳಬೇಕು. ಜಾತ್ರೆ, ಸಂತೆಗಳ ಜನಜಂಗುಳಿಯಲ್ಲಿ ರಸ್ತೆಯ ಬದಿಗೆ ನಿಲ್ಲಿಸುವುದಕ್ಕಿಂತ ಚೀಟಿ ಕೊಡುವ ನಿಲುಗಡೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ನಿಲ್ಲಿಸುವುದು ಉಚಿತ. ಆ ಚೀಟಿಯನ್ನು ಗಾಡಿಯ ಚೀಲದಲ್ಲಿ ಇಡದೆ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಫೋಟೋ ತೆಗೆಯಲೆಂದು ಚಾವಿಯನ್ನು ಗಾಡಿಯಲ್ಲೇ ಬಿಟ್ಟು ಹತ್ತು ಹೆಜ್ಜೆ ಹೋಗುವ ಅಭ್ಯಾಸ ಬಹಳ ಕೆಟ್ಟದ್ದು; ಕಳ್ಳನಿಗೆ ಅಷ್ಟೂ ಶ್ರಮ ಕೊಡದೆ ಗಾಡಿಯನ್ನು ಒಪ್ಪಿಸಿದಂತೆ ಅದು, ವಿಮೆಯ ಹಣಕ್ಕೂ ಅದರಿಂದ ತೊಡಕು. ಎರಡನೆಯ ಚಾವಿಯನ್ನು ಪಕ್ಕದ ಪೆಟ್ಟಿಗೆಯಲ್ಲಿ ಇಡಬಾರದು; ಜೊತೆಯವರ ಬಳಿ ಇರಲಿ, ಇಲ್ಲವೇ ಮನೆಯಲ್ಲಿಯೇ ಇರಲಿ. ಚಾವಿಯೊಡನೆ ಬರುವ ನಂಬರಿನ ಪುಟ್ಟ ತಗಡನ್ನು ಗೊಂಚಲಿನಿಂದ ತೆಗೆದು ಮನೆಯ ಬೀರುವಿನಲ್ಲಿ ಇಡಬೇಕು. ಮೂಲ ಕಾಗದಪತ್ರಗಳು ಗಾಡಿಯಲ್ಲಿ ಬೇಡ, ಡಿಜಿಲಾಕರಿನಲ್ಲಿರುವ ಆರ್.ಸಿ., ಲೈಸೆನ್ಸುಗಳಿಗೆ ಸರ್ಕಾರ ಮಾನ್ಯತೆ ಕೊಟ್ಟಿದೆ.

ಗಾಡಿ ಎಲ್ಲಿದೆಯೆಂದು ತಿಳಿಸುವ ಜಿ.ಪಿ.ಎಸ್. ಯಂತ್ರದ ಮೇಲೆ ಯುವಕರಿಗೆ ಅಪಾರ ವಿಶ್ವಾಸ. ಅದು ಒಳ್ಳೆಯ ಸಾಧನವೇ. ಆದರೆ ಅದು ಕಳ್ಳತನವನ್ನು ತಡೆಯುವುದಿಲ್ಲ, ಆದ ಮೇಲೆ ಸುಳಿವು ಕೊಡುತ್ತದೆ. ಅದು ಸುದ್ದಿ ಕಳುಹಿಸುವುದು ಮೊಬೈಲಿನಂತೆ ಒಂದು ಸಿಮ್ಮಿನ ಮೂಲಕ. ಸಿಗ್ನಲ್ ಇಲ್ಲದ ಘಟ್ಟದಲ್ಲಿ ಅದು ಮೌನ. ಲಡಾಖ್, ಕಾಶ್ಮೀರಗಳಿಗೆ ಹೋಗುವವರು ಹೊರರಾಜ್ಯದ ಪ್ರಿಪೇಯ್ಡ್ ಸಿಮ್ಮುಗಳಿಗೆ ಅಲ್ಲಿರುವ ನಿರ್ಬಂಧವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಯಂತ್ರವು ಗಾಡಿಯ ಜಾಡನ್ನು ತೋರಿಸಿದರೂ ಒಬ್ಬರೇ ಅಲ್ಲಿಗೆ ನುಗ್ಗುವುದು ಸಲ್ಲದು. ಪೊಲೀಸರೊಡನೆಯೇ ಹೋಗಬೇಕು. ಗಾಡಿಯನ್ನು ಮತ್ತೆ ಕೊಳ್ಳಬಹುದು, ಮಕ್ಕಳನ್ನು ಕೊಳ್ಳಲಾಗದು.

ಇನ್ನು ವಿಮೆಯ ವಿಚಾರ. ಇಲ್ಲಿ ವಿದ್ಯಾವಂತ ಕುಟುಂಬಗಳೂ ಎಡವುತ್ತವೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ವಿಮೆ ಕಡ್ಡಾಯವಾಯಿತು. ಆದರೆ ಕಡ್ಡಾಯವಾದುದು ಮೂರನೆಯವರಿಗೆ ಆಗುವ ಹಾನಿಯ ವಿಮೆ ಮಾತ್ರ. ಸ್ವಂತ ಗಾಡಿಯ ಹಾನಿ ಮತ್ತು ಕಳವಿನ ಭಾಗವನ್ನು ಅನೇಕರಿಗೆ ಮೊದಲ ಒಂದೇ ವರ್ಷಕ್ಕೆ ಕೊಟ್ಟಿರುತ್ತಾರೆ. ಎರಡನೆಯ ವರ್ಷದಿಂದ ‘ಐದು ವರ್ಷದ ಇನ್ಶೂರೆನ್ಸ್ ಇದೆಯಲ್ಲ’ ಎಂದು ನಿಶ್ಚಿಂತರಾಗಿರುವವರ ಗಾಡಿ ಕಳವಾದರೆ ಒಂದು ರೂಪಾಯಿಯೂ ಬಾರದು. ಸಾಲದ ಕಂತು ಮಾತ್ರ ತಪ್ಪದು. ಈ ಸಾಲನ್ನು ಓದಿದವರು ಇಂದೇ ಪಾಲಿಸಿಯನ್ನು ತೆರೆದು, ಸ್ವಂತ ಹಾನಿಯ ಭಾಗ ಯಾವ ತಾರೀಖಿಗೆ ಮುಗಿಯುತ್ತದೆಂದು ನೋಡಬೇಕೆಂದು ವಿನಂತಿ. 2019ರ ಸೆಪ್ಟೆಂಬರಿನಿಂದ ಈ ಭಾಗವನ್ನು ಪ್ರತ್ಯೇಕವಾಗಿಯೂ ಕೊಳ್ಳಬಹುದು.

ಕಳವಾದಾಗ ಸಿಗುವ ಮೊತ್ತ ಕೊಂಡ ಬೆಲೆಯಲ್ಲ. ಗಾಡಿಯ ಬೆಲೆಯಲ್ಲಿ ಎರಡನೆಯ ವರ್ಷ ಶೇ. 20, ಮೂರನೆಯ ವರ್ಷ ಶೇ. 30 ಎಂಬಂತೆ ಸವಕಳಿ ಕಳೆದು ಪಾಲಿಸಿಯಲ್ಲಿ ಮೌಲ್ಯ ನಿಗದಿಮಾಡುತ್ತಾರೆ. 2,00,000 ರೂಪಾಯಿ ಬೆಲೆಯ ಗಾಡಿಗೆ ಮೂರನೆಯ ವರ್ಷದಲ್ಲಿ 1,40,000 ರೂಪಾಯಿ. ಆಸೆಯಿಂದ ಹಾಕಿಸಿದ ಪಕ್ಕದ ಪೆಟ್ಟಿಗೆ, ಹೆಚ್ಚಿನ ದೀಪಗಳು ಪಾಲಿಸಿಯಲ್ಲಿ ನಮೂದಾಗದಿದ್ದರೆ ಲೆಕ್ಕಕ್ಕಿಲ್ಲ. ಗಾಡಿ ಉಳಿದು ಈ ಬಿಡಿ ಸಾಮಾನುಗಳು ಮಾತ್ರ ಕಳವಾದರೆ ದ್ವಿಚಕ್ರ ವಾಹನದ ಸಾಮಾನ್ಯ ಪಾಲಿಸಿ ಪರಿಹಾರ ಕೊಡುವುದಿಲ್ಲ. ಆದುದರಿಂದ ಪೆಟ್ಟಿಗೆಗಳನ್ನು ಪ್ರತಿ ರಾತ್ರಿ ಬಿಚ್ಚಿ ಕೋಣೆಗೆ ಒಯ್ಯುವುದೇ ಅವುಗಳ ವಿಮೆ.

ಇಷ್ಟೆಲ್ಲ ಎಚ್ಚರದ ನಡುವೆಯೂ ಕಳವಾದರೆ ಮಾಡಬೇಕಾದುದೇನು? ಮೊದಲು 112ಕ್ಕೆ ಕರೆ. ಕೂಡಲೇ ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಕಳವು ಯಾವ ಠಾಣೆಯ ಸರಹದ್ದಿನಲ್ಲಿ ಆದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು; ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರಕ್ಕೆ ಹಿಂದಿರುಗಬೇಕಾಗಿಲ್ಲ. ವರದಿಯ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಬೇಕು. ಅದೇ ದಿನ ವಿಮಾ ಕಂಪನಿಗೂ, ಸಾಲವಿದ್ದರೆ ಬ್ಯಾಂಕಿಗೂ, ಬಳಿಕ ಆರ್.ಟಿ.ಓ. ಕಚೇರಿಗೂ ತಿಳಿಸಬೇಕು. ಪೊಲೀಸರಿಗೆ ತಕ್ಷಣ ದೂರಿತ್ತು ಕಂಪನಿಗೆ ತಿಳಿಸುವುದು ಮಾತ್ರ ತಡವಾಗಿದ್ದರೆ, ಅಷ್ಟರಿಂದಲೇ ನಿಜವಾದ ಬೇಡಿಕೆಯನ್ನು ತಿರಸ್ಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ತೀರ್ಪಿತ್ತಿದೆ. ಆದರೂ ತಡಮಾಡದಿರುವುದೇ ಜಾಣತನ. ಕಂಪನಿಯವರು ಎರಡೂ ಚಾವಿಗಳನ್ನು ಕೇಳುತ್ತಾರೆ. ಗಾಡಿ ಪತ್ತೆಯಾಗಲಿಲ್ಲವೆಂಬ ಪೊಲೀಸರ ಅಂತಿಮ ವರದಿಯನ್ನೂ ಕೇಳುತ್ತಾರೆ. ನಂಬರ್ ಫಲಕವನ್ನು ಕಳ್ಳ ಬದಲಿಸುತ್ತಾನೆ. ಆದುದರಿಂದ ಹ್ಯಾಂಡಲಿನ ಬುಡದಲ್ಲಿ ಕೊರೆದಿರುವ ಚಾಸಿ ನಂಬರು, ಎಂಜಿನ್ ನಂಬರು, ಗಾಡಿಯ ಮೇಲಿನ ಗೀರು-ಗುರುತುಗಳ ಫೋಟೋ ಇವು ಮನೆಯಲ್ಲಿರುವವರ ಬಳಿ ಮೊದಲೇ ಇರಬೇಕು.

ಒಂದು ಮಾತನ್ನು ಹೇಳದೆ ಈ ಬರಹವನ್ನು ಮುಗಿಸಲಾರೆವು. ಕಳವಾದ ಗಾಡಿ ಎಲ್ಲಿಗೆ ಹೋಗುತ್ತದೆ? ಕೆಲವು ಬಿಡಿಭಾಗಗಳಾಗಿ ಚೂರಾಗುತ್ತವೆ. ಕೆಲವು ಸುಳ್ಳು ನಂಬರು ಧರಿಸಿ, ಮುಂಜಾನೆ ರಂಗೋಲಿ ಹಾಕುವ ತಾಯಂದಿರ ಕೊರಳ ಸರ ಕೀಳಲು ಬರುತ್ತವೆ. ಮತ್ತೆ ಕೆಲವು ‘ಕಾಗದ ಆಮೇಲೆ ಕೊಡುತ್ತೇನೆ’ ಎಂಬ ಮಾತಿನೊಡನೆ ಅರ್ಧ ಬೆಲೆಗೆ ಮರ್ಯಾದಸ್ಥರ ಮನೆಗಳಿಗೇ ಬರುತ್ತವೆ. ಕಳವಿನದೆಂದು ನಂಬಲು ಕಾರಣವಿದ್ದೂ ಕೊಳ್ಳುವವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿ ಮೂರು ವರ್ಷಗಳವರೆಗೆ ಸೆರೆವಾಸ ಹೇಳಿದೆ. ಕಾನೂನು ಹಾಗಿರಲಿ, ಕೊಳ್ಳುವವರಿಲ್ಲದಿದ್ದರೆ ಕದಿಯುವವನು ಯಾರಿಗಾಗಿ ಕದಿಯುತ್ತಾನೆ? ನಮ್ಮ ಗಾಡಿಗೆ ಬೀಗ ಹಾಕುವುದು ಅರ್ಧ ರಕ್ಷಣೆ; ಕಾಗದವಿಲ್ಲದ ಅಗ್ಗದ ಗಾಡಿಗೆ ನಮ್ಮ ಬಾಗಿಲು ಮುಚ್ಚುವುದು ಇನ್ನರ್ಧ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಮುಂದಿನ ಸಲ ಮನೆಯ ಮಕ್ಕಳು ಹೆಲ್ಮೆಟ್ ಧರಿಸಿ ಹೊರಟು ನಿಂತಾಗ ತಂದೆತಾಯಂದಿರು ಊಟದ ಡಬ್ಬಿಯ ಜೊತೆಗೆ ಚೈನು ಇದೆಯೇ ಎಂದು ಕೇಳಲಿ. ರಾತ್ರಿ ಫೋನು ಬಂದಾಗ ‘ಊಟವಾಯಿತೇ’ ಎಂಬುದರ ಬೆನ್ನಿಗೇ ‘ಗಾಡಿ ಒಳಗಿದೆಯೇ’ ಎಂದೂ ವಿಚಾರಿಸಲಿ.