ಮುಳ್ಳು ಮೇಲೆದ್ದರೆ ಇಂಜಿನ್ನೇ ಬಿಚ್ಚಬೇಕಾ?

ಮಾಕಳಿಯಿಂದ ನೆಲಮಂಗಲದ ಕಡೆಗೆ ತುಮಕೂರು ರಸ್ತೆಯ ಅಂಚಿನಲ್ಲಿ ಗ್ಯಾರೇಜುಗಳಿಗೆ ಬರವಿಲ್ಲ. ಕೈಗುಣ ಇರುವ ಮೆಕ್ಯಾನಿಕ್‌ಗಳೂ ಇದ್ದಾರೆ, ಅವರ ಮೇಲೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಒಂದು ಅಭ್ಯಾಸದ ಮೇಲೆ. ಕಾರಿನ ಟೆಂಪರೇಚರ್ ಮೀಟರಿನ ಮುಳ್ಳು ‘ಎಚ್’ ಕಡೆ ಏರಿತು ಅಂದ ಕೂಡಲೇ, ಅದು ಹೇಳುತ್ತಿರುವುದು ನಿಜವೋ ಸುಳ್ಳೋ ಅಂತ ನೋಡದೆ ಸ್ಪ್ಯಾನರ್ ಹಿಡಿಯುತ್ತಾರೆ. ಮೊದಲು ರೇಡಿಯೇಟರ್, ಆಮೇಲೆ ವಾಟರ್ ಪಂಪ್, ಅದಕ್ಕೂ ಬಗ್ಗದಿದ್ದರೆ “ಹೆಡ್ ಇಳಿಸ್ಬೇಕು ಅಣ್ಣಾ.” ಸಾಲದ ಕಾರನ್ನು ಬಾಡಿಗೆಗೆ ಓಡಿಸಿ ಮನೆ ನಡೆಸುವವನಿಗೆ ಅಷ್ಟು ದಿನ ದುಡಿಮೆ ನಿಂತಿತು. ಕಂತು ಮಾತ್ರ ನಿಲ್ಲಲ್ಲ. ಕೊನೆಗೆ ನೋಡಿದರೆ ಕೆಟ್ಟಿದ್ದು ಹೆಬ್ಬೆರಳುದ್ದದ ಸೆನ್ಸರ್, ಇಲ್ಲವೇ ಅದರ ವೈರು.

ಮನೆಯಲ್ಲಿ ಒಂದು ಪಾತ್ರೆ ನೀರು ಕುದಿಯಲು ಎಷ್ಟು ಹೊತ್ತು ಬೇಕು ಅಂತ ಎಲ್ಲರಿಗೂ ಗೊತ್ತು. ಇಂಜಿನ್ನಿನೊಳಗೆ ಲೀಟರುಗಟ್ಟಲೆ ನೀರು, ಕೂಲೆಂಟ್ ಇರುತ್ತದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುವುದಿಲ್ಲ. ಹಾಗಾಗಿ ಮುಳ್ಳು ಒಂದೇ ನೆಗೆತಕ್ಕೆ ಮೇಲೆ ಹೋಗಿ ಕೆಳಗೆ ಬಿದ್ದರೆ, ಗುಂಡಿಗೆ ಇಳಿದಾಗ ಕುಣಿದರೆ, ಹೆಡ್‌ಲೈಟ್ ಹಾಕಿದಾಗ ಏರಿ ಆರಿಸಿದಾಗ ಇಳಿದರೆ, ಮೊದಲು ಅನುಮಾನ ಪಡಬೇಕಾದ್ದು ವೈರು, ಅರ್ಥ್, ಸೆನ್ಸರ್ ಮೇಲೆ. ಪೆಟ್ರೋಲ್ ಮುಳ್ಳೂ ಜೊತೆಗೇ ಹುಚ್ಚಾಟ ಆಡುತ್ತಿದ್ದರೆ ತೊಂದರೆ ಡ್ಯಾಶ್‌ಬೋರ್ಡಿನ ಹಿಂದೆ ಇದೆ ಅಂತಲೇ ಹೆಚ್ಚುಕಮ್ಮಿ ಹೇಳಬಹುದು.

ನಿಜವಾದ ಬಿಸಿ ನಿಧಾನಕ್ಕೆ ಏರುತ್ತದೆ. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದಾಗ ಕೆಳಗಿನ ರಸ್ತೆಯ ಜಾಮ್ ಅನುಭವಿಸಿದವರಿಗೆ ಇದು ಗೊತ್ತಿರುತ್ತದೆ. ನಿಂತಾಗ ಏರಿ, ನೆಲಮಂಗಲದ ಕಡೆ ವೇಗವಾಗಿ ಹೊರಟ ಮೇಲೆ ಇಳಿದರೆ ಫ್ಯಾನ್ ನೋಡಿಸಿ. ಹೈವೇಯಲ್ಲಿ ವೇಗದಲ್ಲೇ ಏರಿದರೆ ಆಗ ರೇಡಿಯೇಟರ್, ಪಂಪಿನ ಮಾತು ತೆಗೆಯಲಿ.

ಪರೀಕ್ಷೆಗೆ ದೊಡ್ಡ ಖರ್ಚೇನೂ ಇಲ್ಲ. ಮೀಟರಿಗೆ ಒಂದೇ ವೈರಿನ ಸೆನ್ಸರ್ ಇರುವ ಹಳೆಯ ಕಾರಾದರೆ, ಕೀ ಆನ್ ಮಾಡಿ ಆ ವೈರು ಕಳಚಬೇಕು. ಸಾಮಾನ್ಯವಾಗಿ ಮುಳ್ಳು ತಣ್ಣಗಿನ ಕಡೆಗೆ ಬೀಳುತ್ತದೆ. ಅದೇ ವೈರನ್ನು ಒಂದು ಕ್ಷಣ ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ ಪೂರ್ತಿ ಮೇಲೇರುತ್ತದೆ. ಎರಡೂ ಆದರೆ ಮೀಟರೂ ವೈರೂ ಸರಿಯಿವೆ, ಸೆನ್ಸರ್ ನೋಡಬೇಕು. ಆಗದಿದ್ದರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ, ವೈರು, ಫ್ಯೂಸು, ಮೀಟರು ಹುಡುಕಬೇಕು. ಸೆನ್ಸರನ್ನು ಮಲ್ಟಿಮೀಟರ್‌ನಲ್ಲಿ ಅಳೆಯಬಹುದು: ಬಿಸಿ ಏರಿದಂತೆ ಓಮ್ಸ್ ಇಳಿಯಬೇಕು. ಎಷ್ಟೋ ಕಾರುಗಳಲ್ಲಿ ತಣ್ಣಗಿದ್ದಾಗ 2,000ಕ್ಕೂ ಮೇಲಿದ್ದು, 80 ಡಿಗ್ರಿಗೆ 300ರ ಆಸುಪಾಸಿಗೆ ಬರುತ್ತದೆ.

ಹೊಸ ಕಾರಿಗೆ ಈ ಲೋಹಕ್ಕೆ ಮುಟ್ಟಿಸುವ ಆಟ ಬೇಡ. ಅಲ್ಲಿ ಸೆನ್ಸರ್ ಮಾತಾಡುವುದು ಕಂಪ್ಯೂಟರಿನ ಜೊತೆ. ರಾತ್ರಿಯಿಡೀ ನಿಂತ ಕಾರಿಗೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಸ್ಕ್ಯಾನರ್ ಹಾಕಿದರೆ, ಅದು ತೋರಿಸುವ ಡಿಗ್ರಿ ಹೊರಗಿನ ಚಳಿಯಷ್ಟೇ ಇರಬೇಕು. ಆ ಹೊತ್ತಿಗೇ 70, 80 ತೋರಿಸಿದರೆ ರೇಡಿಯೇಟರಿನದೇನು ತಪ್ಪು?

ಮುಳ್ಳು ಏಳದೇ ಇರುವುದೂ ರೋಗವೇ. ಇದನ್ನು ಯಾರೂ ದೂರುವುದಿಲ್ಲ, ತಣ್ಣಗಿದೆಯಲ್ಲ ಅಂತ ಖುಷಿ! “ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ ಸಾರ್” ಅಂತ ಅದನ್ನು ಕಿತ್ತು ಬಿಸಾಕುವ ಗ್ಯಾರೇಜುಗಳ ಮೇಲೆ ನಮಗೆ ನಿಜಕ್ಕೂ ಸಿಟ್ಟಿದೆ. ಇಂಜಿನ್ ಬೇಗ ಬಿಸಿಯಾಗಿ ಒಂದೇ ಹದದಲ್ಲಿರಲಿ ಅಂತ ಇಟ್ಟ ಬಾಗಿಲು ಅದು, ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರೆಯುತ್ತದೆ. ಅದಿಲ್ಲದಿದ್ದರೆ ಇಂಜಿನ್ ತಣ್ಣಗೇ ಇದೆ ಅಂತ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಕಳಕೊಳ್ಳುವವನು ಮಾಲೀಕ.

ಇನ್ನೂ ಅಪಾಯದ್ದು ಒಂದಿದೆ. ನೀರು ಪೂರ್ತಿ ಸೋರಿ ಹೋದರೆ ಸೆನ್ಸರ್ ಗಾಳಿಯಲ್ಲಿ ನಿಂತು ಮುಳ್ಳು ಕೆಳಗೇ ಇರಬಹುದು, ಒಳಗೆ ಇಂಜಿನ್ ಸುಡುತ್ತಿರುತ್ತದೆ. ಬಾನೆಟ್ಟಿನಿಂದ ಹಬೆ, ಕೂಲೆಂಟಿನ ಸಿಹಿ ವಾಸನೆ ಬಂದರೆ ಮುಳ್ಳನ್ನು ನಂಬಬೇಡಿ, ಗಾಡಿ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗೆ ಒತ್ತಡದಲ್ಲಿ 100 ಡಿಗ್ರಿ ದಾಟಿದ ನೀರಿರುತ್ತದೆ, ಮುಖಕ್ಕೆ ಚಿಮ್ಮುತ್ತದೆ.

ಕಾರು ಕಂಪನಿಗಳಿಗೂ ಒಂದು ಮಾತು. ಈಗಿನ ಎಷ್ಟೋ ಚಿಕ್ಕ ಕಾರುಗಳಲ್ಲಿ ಈ ಮುಳ್ಳೇ ಇಲ್ಲ, ಒಂದು ಕೆಂಪು ದೀಪ ಇಟ್ಟು ಕೈತೊಳೆದುಕೊಂಡಿದ್ದಾರೆ. ಮುಳ್ಳಾದರೆ ಏರುವಾಗಲೇ ಎಚ್ಚರಿಸುತ್ತಿತ್ತು, ದೀಪ ಹೊತ್ತುವಾಗ ಸುಟ್ಟ ಮೇಲಿನ ಸುದ್ದಿ. ಲಕ್ಷಗಟ್ಟಲೆ ಕೊಟ್ಟವನಿಗೆ ಹಾಡು ಕೇಳಲು ದೊಡ್ಡ ಪರದೆ ಉಂಟು, ಇಂಜಿನ್ನಿನ ಬಿಸಿ ತೋರಿಸಲು ಬೆರಳಗಲ ಜಾಗ ಇಲ್ಲವಂತೆ!

ಅಂಥ ಕಾರು ನಿಮ್ಮದಾದರೆ ನಾಳೆ ಬೆಳಗ್ಗೆ ಕೀ ಆನ್ ಮಾಡಿದಾಗ ಗಮನಿಸಿ. ಹೆಚ್ಚಿನ ಕಾರುಗಳಲ್ಲಿ ಆ ಕೆಂಪು ದೀಪ ಒಂದೆರಡು ಸೆಕೆಂಡ್ ಹೊತ್ತಿ ಆರುತ್ತದೆ. ಹೊತ್ತದಿದ್ದರೆ ಪುಸ್ತಕದಲ್ಲಿ ಏನಿದೆ ನೋಡಿ, ಅವತ್ತೇ ಗ್ಯಾರೇಜಿಗೆ ತೋರಿಸಿ. ಏನಾದರೂ ಬಿಚ್ಚುವ ಮುಂಚೆ ಸ್ಕ್ಯಾನರಿನ ಅಂಕಿಯನ್ನು ನಿಮ್ಮ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬದಲಿಸಿದ ಹಳೇ ಸಾಮಾನನ್ನು ಕೇಳಿ ಪಡೆಯಿರಿ.